ಎಡಕ್ಕೆ ಮೂರನೇ ಟೇಬಲ್

ಸಾಗರದ ನಗರಸಭೆಯ ಜಾಲತಾಣಕ್ಕೆ
ಮೆನು ಕಟ್ಟುವ ಕೆಲಸ ನನ್ನ ಪಾಲಿಗೆ ಬಿತ್ತು,
ಹನ್ನೊಂದು ತಿಂಗಳ ಗುತ್ತಿಗೆಯಲ್ಲಿ.
ಸಿದ್ಧ ಟೆಂಪ್ಲೇಟು ಕೊಟ್ಟರು:
ಮೇಲೊಂದು ಪಟ್ಟಿ, ಕೆಳಗೊಂದು ಪಟ್ಟಿ,
ನಡುವೆ ಯಾವುದೋ ದೇಶದ ನಗುವ ಹುಡುಗಿ,
ಅವಳ ಕಾಲಬುಡದಲ್ಲಿ ಅರ್ಥವಿಲ್ಲದ ಲ್ಯಾಟಿನ್.
ಹುಡುಗಿಯನ್ನು ತೆಗೆದೆ, ಅಧ್ಯಕ್ಷರನ್ನು ಹಾಕಿದೆ.
ಲ್ಯಾಟಿನ್ ಇದ್ದಲ್ಲಿ ಸುತ್ತೋಲೆ ಸುರಿದೆ;
ಅಂಥ ವ್ಯತ್ಯಾಸವೇನೂ ಕಾಣಲಿಲ್ಲ.

ಮುಖಪುಟ, ನಮ್ಮ ಬಗ್ಗೆ, ವಿಭಾಗಗಳು, ಸೇವೆಗಳು.
ಸೇವೆಗಳ ಕೆಳಗೆ ಪ್ರಮಾಣಪತ್ರ,
ಅದರ ಕೆಳಗೆ ಜನನ, ಮರಣ,
ಮರಣದ ಕೆಳಗೆ ಅರ್ಜಿ ನಮೂನೆ.
ಬಾಣ ಒಂದು ಕೂದಲೆಳೆ ಸರಿದರೂ
ಇಡೀ ಸಾಲು ಮುದುರಿಕೊಳ್ಳುತ್ತಿತ್ತು,
ಮುಟ್ಟಿದರೆ ಮುನಿಯ ಹಾಗೆ.

ಬಾಗಿಲ ಬಳಿ, ಸ್ಟೂಲಿನ ಮೇಲೆ, ಗುತ್ಯಪ್ಪ.
ಮೂವತ್ತೊಂದು ವರ್ಷದ ಜವಾನ, ನಾಲ್ಕನೇ ಕ್ಲಾಸು.
ಹೊಸ್ತಿಲು ದಾಟುವವರ ಚಪ್ಪಲಿ ನೋಡಿಯೇ
ಅರ್ಧ ಸಂಗತಿ ತಿಳಿಯುತ್ತಿತ್ತು ಅವರಿಗೆ.
ತಲೆ ಬೋಳಿಸಿಕೊಂಡ ಹುಡುಗ ಬಾಯಿ ತೆರೆಯುವ ಮೊದಲೇ
“ಎಡಕ್ಕೆ ಮೂರನೇ ಟೇಬಲ್, ಫಿಲೋಮಿನಾ ಮೇಡಂ.
ಆಸ್ಪತ್ರೆ ಚೀಟಿ ಇದ್ಯಾ? ಇಲ್ದಿದ್ರೂ ಹೋಗು, ಬೈಯಲ್ಲ.”
ಕೊಡ ಹಿಡಿದೇ ಬಂದ ಹೆಂಗಸಿಗೆ
“ಇಂಜಿನಿಯರು ಚಾ ಕುಡಿಯಕ್ಕೆ ಹೋಗಿದಾರೆ,
ಆ ಅಂಗಡೀಲೇ ಹೋಗಿ ಹಿಡಿ.”

ಒಂದು ಮಧ್ಯಾಹ್ನ ಅವರನ್ನು ಕರೆದು ಕೂರಿಸಿದೆ.
ಫೋನಿನಲ್ಲಿ ಮೆನು ಮಡಚಿ ಮೂರು ಗೆರೆಯಾಗಿತ್ತು.
“ಇದೆಂತ, ವಿಭೂತಿಯಾ?”
ಒತ್ತಿ ಎಂದೆ. ಒತ್ತಿದರು.
ಬೆರಳಿಟ್ಟು ಅಕ್ಷರ ಅಕ್ಷರ ಓದಿದರು.
ಆಮೇಲೆ, ಬಹಳ ಹೊತ್ತಿನ ಮೇಲೆ,
“ಅಪ್ಪ ಸತ್ತವ ಬಂದು
‘ಸೇವೆ’ ಅಂತ ಒತ್ತುತಾನಾ ಮಾರಾಯ್ತಿ?”

ಅವತ್ತು ರಾತ್ರಿ ಪಟ್ಟಿಯನ್ನೆಲ್ಲ ಕಿತ್ತು ಹಾಕಿ ಕೂತೆ.
ಮೊದಲ ಸಾಲು: ಮನೆಯಲ್ಲಿ ಯಾರೋ ತೀರಿಕೊಂಡರು.
ಮಗು ಹುಟ್ಟಿತು.
ನೀರು ಬರುತ್ತಿಲ್ಲ.
ಕಂದಾಯ ಕಟ್ಟಬೇಕು, ಹೆಚ್ಚಾಯಿತೆಂದು ಜಗಳವನ್ನೂ ಆಡಬೇಕು.
ಯಾರನ್ನು ಕೇಳಬೇಕೆಂದೇ ಗೊತ್ತಿಲ್ಲ.

ಪೌರಾಯುಕ್ತರು ಕನ್ನಡಕ ಏರಿಸಿ ನೋಡಿದರು.
ಬೈಯಲಿಲ್ಲ. ಕಚೇರಿ ಭಾಷೆ ಇದಲ್ಲ ಎಂದರು, ಅಷ್ಟೆ;
ಜಿಲ್ಲೆಯ ಎಲ್ಲ ಊರಿಗೂ ಒಂದೇ ಅಚ್ಚಂತೆ.
ಮತ್ತೆ ವಿಭಾಗಗಳು, ಮತ್ತೆ ಸೇವೆಗಳು.
ಮರಣ ಮೂರನೇ ಮಡಿಕೆಯೊಳಗೆ ಇಳಿಯಿತು.
ಗುಂಡಿಯ ಅಗಲ ಸಾಲದೆ ‘ಪ್ರಮಾಣ’ ಮೇಲುಳಿದು
‘ಪತ್ರ’ ಕೆಳಕ್ಕೆ ಬಿದ್ದಿತ್ತು. ಅದನ್ನೂ ಸರಿಮಾಡಿದೆ.

ಒಂದು ಪುಟ ಉಳಿದಿತ್ತು:
ತಪ್ಪು ವಿಳಾಸ ಒತ್ತಿದವರಿಗೆ,
ಇಲ್ಲದ ಕೊಂಡಿ ಹಿಡಿದು ಬಂದವರಿಗೆ ತೆರೆಯುವ ಪುಟ.
ಅದನ್ನು ಯಾರೂ ತಪಾಸಣೆ ಮಾಡುವುದಿಲ್ಲ,
ಅದಕ್ಕೆ ಅಧ್ಯಕ್ಷರ ಫೋಟೋ ಸಹ ಬೇಡ.
ಗುತ್ಯಪ್ಪ ನಿವೃತ್ತರಾಗುವ ಹಿಂದಿನ ಶುಕ್ರವಾರ
ಬರೀ ಬಿಳಿಯ ಮೇಲೆ ದೊಡ್ಡಕ್ಷರದಲ್ಲಿ ಬರೆದು
ಪ್ರಕಟಿಸಿಬಿಟ್ಟೆ:

ದಾರಿ ತಪ್ಪಿತಾ? ಪರವಾಗಿಲ್ಲ.
ಕೂತ್ಕಳಿ, ಮೊದ್ಲು ನೀರು ಕುಡೀರಿ.
ಎಂತ ಆಗ್ಬೇಕಿತ್ತು, ಹೇಳಿ.