ಕೊನೆಯ ಪುಟ

ಜೊಂಬಾ ಕೋರ್ಟಿನ ಕಿಟಕಿಯಲ್ಲಿ
ತೀರ್ಪಿಗೆ ಪುಟದ ಲೆಕ್ಕ.
ಒಣಮೀನು ಮಾರಿದ ಕ್ವಾಚಾ
ಸೊಂಟದ ಗಂಟು ಬಿಚ್ಚಿ ಎಣಿಸಿದಳು ನಸಿಬೇಕೊ:
ಹನ್ನೊಂದು ಪುಟದಲ್ಲಿ ಒಂದಕ್ಕೆ ಸಾಕು.

ಕೊನೆಯದೇ ಕೊಡಿ, ಅಂದಳು.
ಕಥೆ ಮುಗಿಯುವುದು ಅಲ್ಲೇ ತಾನೆ.

‘ಮೇಲೆ ಹೇಳಿದ ಕಾರಣಗಳಿಂದ
ಅರ್ಜಿ ವಜಾ.’

ಮೇಲೆ ನೋಡಿದಳು.
ತಗಡಿನ ಸೂರು. ಒಂದು ಹಲ್ಲಿ.

ಒಂಬತ್ತು ವರ್ಷ ಕಳೆದು
ಲೈಬ್ರರಿಯ ಪರದೆಯಲ್ಲಿ, ಪುಕ್ಕಟೆ,
ಹನ್ನೊಂದನ್ನೂ ತೆರೆದು
ಮೊಮ್ಮಗ ಓದುತ್ತಾನೆ ತಡವರಿಸಿ.
ಐದನೆಯದರಲ್ಲಿ ಕೈ ಹಿಡಿದಳು:
‘ಮೂರು ಸಲ ಕೂಗಿದರೂ
ಅರ್ಜಿದಾರಳು ಹಾಜರಾಗಲಿಲ್ಲ.’

‘ಬೆಂಚಿನ ತುದಿಯಲ್ಲೇ ಕೂತಿದ್ದೆನಲ್ಲೋ.
ನಸಿಬೇಟೊ, ನಸಿಬೇಟೊ ಅಂತ
ಕೂಗುತ್ತಲೇ ಇದ್ದರು.
ಪಾಪ, ಯಾರೋ ಏನೋ,
ಎಲ್ಲಿ ಸಿಕ್ಕಿಕೊಂಡಳೋ
ಅಂದುಕೊಂಡೆ.’