ನಡುವಿನ ತಟ್ಟೆ

ಬಿ. ಕಾಟೀಹಳ್ಳಿಯ ಶೆಡ್ಡಿಗೆ ಅದು ಬಂದದ್ದು
ಆಪೆ ಗಾಡಿಯ ಹಿಂದೆ, ಹಗ್ಗ ಬಿಗಿಸಿಕೊಂಡು:
ಐವತ್ತೊಂದರ ಮಾರಿಸ್ ಮೈನರ್,
ಗುಂಡು ಬೆನ್ನು, ಪೆಚ್ಚು ಮುಖ,
ತಡವಾಗಿ ಶಾಲೆಗೆ ಬಂದ ಹುಡುಗನ ಹಾಗೆ.

ಹಿಂದೆಯೇ ಆಟೋದಿಂದ ಇಳಿದರು ಸನ್ಮತಿ ಮೇಡಂ,
ಮೂವತ್ತು ವರ್ಷ ಲೆಕ್ಕ ಕಲಿಸಿದವರು.
"ಮದುವೆ ಮೆರವಣಿಗೆಗಲ್ಲ ಇದು, ಸೋಮಾಚಾರ್.
ಪ್ರದರ್ಶನಕ್ಕೂ ಅಲ್ಲ.
ಕಟ್ಟಿನಕೆರೆ ಮಾರ್ಕೆಟ್ಟಿಗೆ ಹೋಗಿ ಸೊಪ್ಪು ತರಬೇಕು.
ತಿಂಗಳಿಗೊಮ್ಮೆ ಶಾಂತಿಗ್ರಾಮದ ಟೋಲು ದಾಟಬೇಕು.
ನಿಲ್ಲು ಅಂದರೆ ನಿಲ್ಲಬೇಕು."

ನಿಲ್ಲುವುದೇ ಕಷ್ಟ.
ಅದು ಹುಟ್ಟಿದ ಕಾಲಕ್ಕೆ ಎದುರಿಗೆ ಬರುತ್ತಿದ್ದದ್ದು ಎತ್ತು;
ಇಬ್ಬರಿಗೂ ಯೋಚನೆ ಮಾಡಲು ಪುರುಸೊತ್ತಿತ್ತು.

ಗುಜರಿಯಲ್ಲಿ ಮಾರುತಿಯ ಡಿಸ್ಕ್ ಬ್ರೇಕು ಸಿಕ್ಕಿತು.
ಇದು ಇಂಚಿನ ಸಂತಾನ, ಅದು ಮಿಲಿಮೀಟರಿನದು,
ಒಬ್ಬರ ಮಾತು ಒಬ್ಬರಿಗೆ ತಿಳಿಯದು.
ನಡುವೆ ಒಂದು ತಟ್ಟೆ ಬೇಕು.
ಈ ಕಡೆ ನಾಲ್ಕು ತೂತು ಅವರ ಲೆಕ್ಕಕ್ಕೆ,
ಆ ಕಡೆ ಎರಡು ತೂತು ಇವರ ಲೆಕ್ಕಕ್ಕೆ,
ಎರಡೂ ಕಡೆಯವರನ್ನು ಕೇಳಿಸಿಕೊಂಡು
ಬಾಯಿ ಮುಚ್ಚಿ ಭಾರ ಹೊರುವಂಥದ್ದು.
(ನಮ್ಮ ಮನೆಯಲ್ಲಿ ಅತ್ತಿಗೆ ಇದ್ದರು, ಹಾಗೆ.)

ಮೊದಲು ಮೈಸೂರುಪಾಕಿನ ಡಬ್ಬದ ರಟ್ಟಿನಲ್ಲಿ ಕತ್ತರಿಸಿದೆ,
ಆಮೇಲೆ ಪ್ಲೈವುಡ್ಡು,
ಆಮೇಲೆ ಹನ್ನೆರಡು ಎಂಎಂ ಉಕ್ಕು.
ಲೇತಿನಿಂದ ಸುರುಳಿ ಸುರುಳಿ ಬಿತ್ತು,
ನೀಲಿ ತಿರುಗಿ, ಮುಟ್ಟಿದರೆ ಚುರ್ರೆನ್ನುವಂತೆ.
ಅರ್ಧ ನೂಲು ತಪ್ಪಿತು.
"ಅರ ಹಾಕಿ ಸವರಿದರಾಯ್ತು ಉಸ್ತಾದ್" ಅಂದ ಇಮ್ದಾದ್.
ಬಾಗಿಲಾದರೆ ಸವರಬಹುದು,
ಬ್ರೇಕನ್ನು ಸವರಬಾರದು ಮಗಾ.
ಆ ತಟ್ಟೆ ಈಗ ಟೀ ಗ್ಲಾಸುಗಳ ಕೆಳಗಿದೆ,
ಹದಿನೆಂಟು ದಿನದ ಕೂಲಿ, ಉಂಗುರ ಉಂಗುರ ಕಲೆ.

ಎರಡನೆಯದು ಕೂತಿತು.
ಕೂತ ಸದ್ದೇ ಬೇರೆ. ಹೇಳಲು ಬರುವುದಿಲ್ಲ.

ಬೆಲ್ಟಿಗೆ ಬರೀ ತಗಡು ತಾಳದು, ಒಳಗಿಂದ ಆನಿಕೆ ಕೊಟ್ಟೆ.
ಎಥನಾಲ್ ಬೆರೆತ ಪೆಟ್ರೋಲು ನೆಕ್ಕಿಬಿಟ್ಟಿದ್ದ
ಹಳೆ ರಬ್ಬರನ್ನೆಲ್ಲ ಕಿತ್ತು ಹೊಸ ಪೈಪು ಎಳೆದೆ.
ಪುಟಾಣಿ ಗಾಜಿಗೆ ಫಾಸ್ಟ್ಯಾಗ್,
ಬಿದ್ದುಬಂದವನ ಹಣೆಯ ಪಟ್ಟಿಯಂತೆ.

ಉಳಿದದ್ದು ಕೈ.
ಬಾಗಿಲ ಕಂಬದೊಳಗೆ ಮಡಚಿಟ್ಟ ಒಂದು ಗೇಣು ಕೈ;
ಸ್ವಿಚ್ಚು ತಿರುವಿದರೆ ಟಕ್ಕೆಂದು ಎದ್ದು
ಈ ಕಡೆ ಹೊರಳುತ್ತೇನೆ ಅನ್ನುತ್ತಿತ್ತಂತೆ.
"ತೆಗೆದುಬಿಡೋಣ ಮೇಡಂ, ಈಗ ಯಾರು ನೋಡ್ತಾರೆ?"
ಅವರು ಕನ್ನಡಕ ಒರೆಸಿಕೊಂಡರು.
"ತರಗತಿಯಲ್ಲಿ ಕೈಯೆತ್ತಿದ ಮಗುವನ್ನು
ನಾನು ಯಾವತ್ತೂ ಸುಮ್ಮನೆ ಕೂರಿಸಿದವಳಲ್ಲ."

ಹಿತ್ತಾಳೆಯಲ್ಲಿ ಒಂದು ಕೀಲು ಕಡೆದೆ, ಬತ್ತದ ಕಾಳಿನಷ್ಟು.
ಮೂರು ಸಲ ನೆಲಕ್ಕೆ ಬಿದ್ದು ಕಾಣೆಯಾಯಿತು.
ನಾಲ್ಕನೆಯ ಸಲ ಇಮ್ದಾದ್ ಅಯಸ್ಕಾಂತ ಹಿಡಿದು ಹುಡುಕಿದ.
ಹಿತ್ತಾಳೆಗೆ ಅಯಸ್ಕಾಂತ! ನಕ್ಕೂ ನಕ್ಕೂ ಸಾಕಾಯಿತು.
ಹಿಂದೆ ಮುಂದೆ ಹೊಸ ದೀಪ ಕೂರಿಸಿದೆ, ಕಾನೂನಿಗಾಗಿ.
ಕೈಯೊಳಗೂ ಒಂದು ಮಿಣುಕು ಇಟ್ಟೆ, ಅವರಿಗಾಗಿ.

ಭಾನುವಾರ, ಬೆಳಗಿನ ಏಳು.
ನಾನು ಹಿಂದಿನ ಸೀಟಿನಲ್ಲಿ, ತೊಡೆಯ ಮೇಲೆ ಸ್ಪ್ಯಾನರು.
ಹೆದ್ದಾರಿಯಲ್ಲಿ ನಮ್ಮನ್ನು ಹಾಲಿನ ವ್ಯಾನೂ ಹಿಂದೆ ಹಾಕಿತು.
ಹಂಪಿನ ಮುಂದೆ ನಾಯಿಯೊಂದು ನುಗ್ಗಿತು.
ಮೇಡಂ ತುಳಿದರು.
ತಟ್ಟೆ ಹಿಡಿಯಿತು.
ನಾಯಿ ನಮ್ಮನ್ನೊಮ್ಮೆ ನೋಡಿ, ಅವಸರವಿಲ್ಲದೆ ದಾಟಿತು.

ಶಾಂತಿಗ್ರಾಮಕ್ಕೆ ಹೊರಳುವಲ್ಲಿ ಟಕ್, ಕೈ ಎದ್ದಿತು,
ಕಿತ್ತಳೆ ಬಣ್ಣಕ್ಕೆ ಮಿನುಗುತ್ತ.
ಹಿಂದಿದ್ದ ಜಲ್ಲಿ ಲಾರಿಯ ಡ್ರೈವರು
ಹಾರ್ನು ಒತ್ತಲಿಲ್ಲ.
ಕಿಟಕಿಯಿಂದ ತಾನೂ ಕೈ ಹೊರಗೆ ಚಾಚಿದ,
ಹೋಗವ್ವ ಅನ್ನುವ ಹಾಗೆ.

ಎಡಗಡೆ, ಡ್ಯಾಶಿನ ಕೆಳಗೆಲ್ಲೋ,
ಟಿಕ್ ಟಿಕ್ ಅಂತ ಒಂದು ಸದ್ದು.
ನಾನು ಮಾಡಿದ ಭಾಗದ್ದಲ್ಲ ಅದು.
ಇದ್ದರೂ ಇರಬಹುದು.
ನಾಳೆ ನೋಡಬೇಕು.