ಇನ್ನೂರು ಪದ ಮೀರದಂತೆ

ಮೊದಲ ವರ್ಷ ನಾವು ಹನ್ನೆರಡು ಟ್ಯಾಬ್ಲೆಟ್ ಕೇಳಿದೆವು.
ಹನ್ನೆರಡು ಯಾಕೆ ಎಂದು ಅವರು ಕೇಳಲಿಲ್ಲ, ಇಲ್ಲ ಎಂದರು.
ಕೇಳಿದ್ದರೂ ನನ್ನಲ್ಲಿ ಉತ್ತರವಿರಲಿಲ್ಲ.
ಮನೆಮನೆಗೆ ಹೋಗುವ ದಾದಿಯರು ನಮ್ಮಲ್ಲಿ ಐವರು,
ಅದರಲ್ಲೂ ಒಬ್ಬಳಿಗೆ ಹೆರಿಗೆ ರಜೆ.

ಎರಡನೆಯ ವರ್ಷ ಕಾರ್‌ಸ್ಟ್ರೀಟಿನ ಹುಡುಗನೊಬ್ಬ
ಎಲ್ಲೋ ಗೆದ್ದ ಅರ್ಜಿಯೊಂದರ ನಕಲು ಕೊಟ್ಟ.
ಹೆಸರು ಬದಲಿಸಿದೆ, ಜಿಲ್ಲೆ ಬದಲಿಸಿದೆ,
ಮೂರನೇ ಪುಟದ ನಡುವೆ ಮಾತ್ರ
'ಗದಗ ತಾಲೂಕಿನ ಕುರಿಗಾಹಿಗಳು' ಹಾಗೆಯೇ ಉಳಿದುಬಿಟ್ಟರು
ಫಲ್ಗುಣಿಯ ದಡದಲ್ಲಿ ಕುರಿ ಮೇಯಿಸುತ್ತ.
ತಿರಸ್ಕಾರದ ಕಾಗದ ತುಂಬ ಸಭ್ಯವಾಗಿತ್ತು.
ಐಡಾ ಬಾಯಿ ನಕ್ಕು ನಕ್ಕು ಕೆಮ್ಮಿದರು,
ಆಮೇಲೆ ನನ್ನ ಮುಖ ನೋಡಿ ಚಾ ತರಿಸಿದರು.

ಈ ಸಲ ಆಫೀಸಿನಲ್ಲಿ ಕೂತು ಬರೆಯುವುದು ಬೇಡವೆಂದು
ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿ
ಹಳೆ ಬಂದರಿನಲ್ಲಿ ಬೆಂಗ್ರೆಯ ದೋಣಿ ಹತ್ತಿದೆ.
ಎದುರಿಗೆ ಝುಲೈಖಾ. ಮಡಿಲಲ್ಲಿ ಅವಳ ಪುಸ್ತಕ,
ಒಂದು ತೊಟ್ಟೆಯೊಳಗೆ ಇನ್ನೊಂದು ತೊಟ್ಟೆ,
ಮೇಲೆ ರಬ್ಬರ್ ಬ್ಯಾಂಡು.
ಕಾಲ ಬುಡದಲ್ಲಿ ಯಾರದೋ ಬಂಗುಡೆ ಬುಟ್ಟಿ.
"ತಂತ್ರಜ್ಞಾನಕ್ಕೆ ದುಡ್ಡು ಕೊಡುತ್ತಾರಂತೆ, ನಿನಗೆ ಎಂತ ಬೇಕು?" ಎಂದೆ.
ಅವಳು ಸ್ವಲ್ಪ ಹೊತ್ತು ನೀರು ನೋಡಿದಳು.
"ಇದಕ್ಕೆ ಚಾರ್ಜು ಬೇಡ ಮಾರಾಯ್ರೆ.
ಬಿದ್ದರೆ ಒಡೆಯುವುದಿಲ್ಲ, ಮಕ್ಕಳು ಗೇಮ್ ಆಡುವುದಿಲ್ಲ.
ಇದಕ್ಕೆ ಗೊತ್ತಿಲ್ಲದ್ದು ನಿಮ್ಮದಕ್ಕೆ ಎಂತ ಗೊತ್ತುಂಟು?"

ಫಾರ್ಮಿನ ಆರನೇ ಪ್ರಶ್ನೆಯೂ ಅದೇ,
ಇಸ್ತ್ರಿ ಹಾಕಿದ ಪ್ಯಾಂಟು ತೊಟ್ಟು ಬಂದಿತ್ತು ಅಷ್ಟೆ.
ಎರಡು ಸಲವೂ ಅದಕ್ಕೆ ನಾನು
'ಡಿಜಿಟಲ್ ಸಬಲೀಕರಣ' ಎಂದು ಉತ್ತರಿಸಿದ್ದೆ.

ನಡುನೀರಿನಲ್ಲಿ, ಟ್ರಾಲರೊಂದಕ್ಕೆ ದಾರಿ ಬಿಟ್ಟು ದೋಣಿ ನಿಂತಾಗ
ಅವಳೇ ಹೇಳಿದಳು, ನನಗಲ್ಲ ಎಂಬಂತೆ:
"ಕಳೆದ ಆಟಿಯಲ್ಲಿ ಡೆಂಗ್ಯೂ ಬಂದು ಒಂಬತ್ತು ದಿನ ಮಲಗಿದೆ.
ಸೇಸಮ್ಮಕ್ಕನಿಗೆ ಇನ್ಸುಲಿನ್ ಎಷ್ಟು ಅಂತ ಪುಸ್ತಕಕ್ಕೆ ಗೊತ್ತಿತ್ತು.
ಪುಸ್ತಕ ನನ್ನ ತಲೆದಿಂಬಿನ ಅಡಿಯಲ್ಲಿತ್ತು.
ಬದಲಿಗೆ ಹೋದ ಹುಡುಗಿ ಅಂದಾಜಿಗೆ ಕೊಟ್ಟಳು."

ಸೇಸಮ್ಮಕ್ಕ ಇದ್ದಾರೆ.
ನಾಲ್ಕು ದಿನ ವೆನ್‌ಲಾಕಿನಲ್ಲಿ ಮಲಗಿ ಮನೆಗೆ ಬಂದರು.

ಮೊಣಕಾಲ ಮೇಲೆ ಲ್ಯಾಪ್‌ಟಾಪ್ ತೆರೆದು ಅಳಿಸತೊಡಗಿದೆ.
ಸರ್ವರು ಹೋಯಿತು. ಡ್ರೋನು ಹೋಯಿತು
(ಡ್ರೋನು ಸೇರಿಸಿದವರು ಯಾರು, ದೇವರೇ).
ಐದು ಫೋನು, ನೆಟ್ ಇಲ್ಲದಾಗಲೂ ಬರೆದಿಟ್ಟುಕೊಳ್ಳುವಂಥವು.
ಒಬ್ಬಳು ಬರೆದದ್ದು ಇನ್ನೊಬ್ಬಳಿಗೆ ಸಿಗಬೇಕು, ಅಷ್ಟೇ ಕೆಲಸ.
ಕಲಿಸುವ ಖರ್ಚು, ಎರಡು ಸಲವೂ ಸೊನ್ನೆ ಹಾಕಿದ್ದ ಸಾಲು ಅದು,
ಕಲಿಯುವ ದಿನದ ಸಂಬಳ, ದೋಣಿಯ ಬಾಡಿಗೆ.
ಉಪ್ಪುಗಾಳಿಗೆ ಕಿಲುಬು ಹಿಡಿಯುವ ಚಾರ್ಜರುಗಳು,
ಫೋಟೋ ತೆಗೆದು ಎಲ್ಲರೂ ಹೋದ ಮೇಲಿನ
ಮೂರನೇ ವರ್ಷದ ಬ್ಯಾಟರಿ.
ಸೇಸಮ್ಮಕ್ಕನ ಕಾಯಿಲೆ ಯಾರಿಗೆಲ್ಲ ಕಾಣಬೇಕು,
ಯಾರಿಗೆ ಕಾಣಲೇಬಾರದು.
ಮತ್ತೆ, ಇದೊಂದನ್ನು ಬರೆಯಲು ಕೈ ಹಿಂಜರಿಯಿತು:
ದಾದಿಯರಿಗೆ ಇದು ಒಗ್ಗುತ್ತದೋ ಇಲ್ಲವೋ ನಮಗೆ ತಿಳಿಯದು,
ಆರು ತಿಂಗಳು ಪುಸ್ತಕವೂ ಜೊತೆಗಿರುತ್ತದೆ.

ಎಣಿಸಿದರೆ ಇನ್ನೂರ ಹದಿನೇಳು ಪದ.
ಸೇಸಮ್ಮಕ್ಕನನ್ನು ತೆಗೆದರೆ ಸರಿಹೋಗುತ್ತಿತ್ತು.
'ದೇಶದಲ್ಲೇ ಪ್ರಪ್ರಥಮ' ಕಡಿದೆ, 'ಸಮಗ್ರ' ಕಡಿದೆ,
'ನವೀನ' ಐದು ಕಡೆ ಇತ್ತು, ಕಳೆಯಂತೆ ಕಿತ್ತೆ.
ಇನ್ನೂ ಒಂದು ಪದ ಹೆಚ್ಚು.
ಇವತ್ತು ಮಂಗಳವಾರ, ಕೊನೆಯ ದಿನ ಶನಿವಾರ,
ಆಡಿಟರ ಮೊಹರು ಬಾಕಿ, ಐಡಾ ಬಾಯಿಯ ಸಹಿ ಬಾಕಿ.
ಹೋದ ವರ್ಷ ರಾತ್ರಿ ಹನ್ನೊಂದು ಐವತ್ತಾರಕ್ಕೆ
ಪರದೆಯ ಮೇಲೆ ತಿರುಗುತ್ತಲೇ ಇದ್ದ ಆ ಚಕ್ರ
ಈಗಲೂ ಒಮ್ಮೊಮ್ಮೆ ಕನಸಿನಲ್ಲಿ ತಿರುಗುತ್ತದೆ.

ದೋಣಿ ದಡಕ್ಕೆ ತಾಗಿತು.
ಚಪ್ಪಲಿ ಕೈಯಲ್ಲಿ ಹಿಡಿದು ಇಳಿದ ಝುಲೈಖಾ
ತೊಟ್ಟೆ ಸರಿಮಾಡಿಕೊಂಡು ತಿರುಗಿ ಕೇಳಿದಳು:
"ಸಿಗದಿದ್ದರೆ?"
"ಸಿಗದಿದ್ದರೆ ನಿನ್ನ ಪುಸ್ತಕದ ಜೆರಾಕ್ಸ್ ಮಾಡಿ ಆಫೀಸಿನಲ್ಲಿಡುವ," ಎಂದೆ.
ಅವಳು ನಗಲಿಲ್ಲ.
"ಅದನ್ನು ಹೋದ ವರ್ಷವೇ ಮಾಡಬಹುದಿತ್ತಲ್ಲ."